ಮೀಟರ್ ಯಾರ ಹೆಸರಿನಲ್ಲಿದೆ?

(ಪಾಂಡವಪುರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಪಂಡಿತನಲ್ಲ, ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಮನೆಯ ಮೇಲೆ ಸೌರ ವಿದ್ಯುತ್ ಹಾಕಿಸಿ, ಸರ್ಕಾರದ ಸಹಾಯಧನ ಪಡೆಯುವ ಬಗೆಯನ್ನು ತಿಳಿಸಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ.

ವಿದ್ಯುತ್ತು ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಈಗ ನಮ್ಮ ತಾರಸಿಯ ಮೇಲೆಯೇ ವಿದ್ಯುತ್ ತಯಾರಿಸಬಹುದು. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ತಂದಿತು. 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಅಮೆರಿಕದಲ್ಲಿ ಇಂಥ ನೆರವನ್ನು ಆದಾಯ ತೆರಿಗೆಯಲ್ಲಿ ಕಳೆದುಕೊಡುತ್ತಿದ್ದರು. ನಮ್ಮಲ್ಲಿ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ತೆರಿಗೆ ಕಟ್ಟದ ರೈತನಿಗೂ ಸಿಗುತ್ತದೆ.

ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮನೆಯ ಪಕ್ಕದ ತೆಂಗಿನ ಗರಿಯ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಉತ್ಪಾದನೆ ಕುಗ್ಗುತ್ತದೆ. ಮೊದಲು ನೆರಳು ನೋಡಿಕೊಳ್ಳಿ. ಬ್ಯಾಟರಿ ಇಲ್ಲದ ವ್ಯವಸ್ಥೆಯಾದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಅವಸರಪಡಬೇಕಾಗಿಲ್ಲ, ಲೆಕ್ಕ ಹಾಕಿ ತೀರ್ಮಾನಿಸಿ.

ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ನಮ್ಮ ಸೆಸ್ಕ್‌ನ ಗ್ರಾಹಕ ಸಂಖ್ಯೆ ಕೊಡಬೇಕು. ನೋಂದಾಯಿತ ಕಂಪನಿಯವರಿಂದಲೇ ಹಾಕಿಸಬೇಕು. ಎರಡು ಮೂರು ಕಡೆ ದರ ಕೇಳಿ. ನೆಟ್ ಮೀಟರ್ ಕೂರಿಸಿ, ಪರಿಶೀಲನೆ ಮುಗಿದ ಮೇಲೆಯೇ ಹಣ ಬರುವುದು. ಆದ್ದರಿಂದ ಮೊದಲಿನ ಖರ್ಚಿಗೆ ನಿಮ್ಮ ಕೈಯಲ್ಲಿ ಹಣವಿರಬೇಕು, ಇಲ್ಲವೇ ಬ್ಯಾಂಕ್ ಸಾಲ ಮಾಡಬೇಕು.

ಇಷ್ಟೆಲ್ಲ ತಿಳಿದ ನಾನೇ ಎಡವಿದೆ. ಊರಿನ ಮನೆಗೆ ಅರ್ಜಿ ಹಾಕಲು ಕುಳಿತಾಗ, ಬಿಲ್ಲಿನಲ್ಲಿದ್ದದ್ದು ಹನ್ನೊಂದು ವರ್ಷದ ಹಿಂದೆ ಲಿಂಗೈಕ್ಯರಾದ ನಮ್ಮ ತಂದೆಯವರ ಹೆಸರು. ಅರ್ಜಿದಾರರ ಹೆಸರೂ ಬಿಲ್ಲಿನ ಹೆಸರೂ ಒಂದೇ ಆಗಿರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಬದಲಾವಣೆ ಎಂದು ಅಲೆದಾಟ ಶುರುವಾಯಿತು. ಎಲ್ಲವೂ ನನ್ನ ಹೆಸರಿಗೆ ಎಂದು ನಾನೇ ತೀರ್ಮಾನಿಸಿ, ತಂಗಿಗೆ ಫೋನ್ ಮಾಡಿ "ಒಪ್ಪಿಗೆ ಪತ್ರಕ್ಕೆ ಒಂದು ಸೈನ್ ಹಾಕವ್ವ" ಅಂದೆ.

"ಹಾಕ್ತೀನಿ ಕಣಣ್ಣ. ಆದ್ರೆ ಆ ಮನೇಲಿರೋದು ಅವ್ವ. ಅವ್ವನ ಹೆಸರಿಗೆ ಮಾಡ್ಸೋದಾದ್ರೆ ಹಾಕ್ತೀನಿ" ಅಂದಳು.

ನನಗೆ ಮಾತು ಹೊರಡಲಿಲ್ಲ. ವೇದಿಕೆಗಳಲ್ಲಿ ಹೆಣ್ಣು ಗಂಡು ಸಮಾನ ಎಂದು ಭಾಷಣ ಮಾಡಿದವನು ನಾನು. 2005ರ ತಿದ್ದುಪಡಿ ಮಗಳಿಗೂ ಸಮಪಾಲು ಕೊಟ್ಟಿದೆ ಎಂದು ಇತರರಿಗೆ ಹೇಳಿದವನೂ ನಾನೇ. ಆ ಮನೆಯಲ್ಲಿ ಅರವತ್ತು ವರ್ಷ ದೀಪ ಹಚ್ಚಿದ ಅವ್ವನ ಹೆಸರು ಒಂದು ಕಾಗದದಲ್ಲೂ ಇರಲಿಲ್ಲ. ನಾಲ್ಕು ತಿಂಗಳು ತಡವಾಯಿತು. ಖಾತೆ, ಮೀಟರ್, ಸಹಾಯಧನ ಎಲ್ಲವೂ ಅವ್ವನ ಹೆಸರಿಗೇ ಆಯಿತು. ಪಾಸ್‌ಬುಕ್ಕಿನಲ್ಲಿ 78,000 ನೋಡಿ ಅವ್ವ ಕೇಳಿದ್ದು ಒಂದೇ ಮಾತು: "ಇದು ನಂದೇ ಏನಪ್ಪಾ?"

ಇನ್ನೊಂದು ಎಚ್ಚರಿಕೆ. ಈ ಸಹಾಯಧನ ವಾಸದ ಮನೆಗೆ ಮಾತ್ರ. ಕಲ್ಯಾಣ ಮಂಟಪದ ಮೇಲೆ ಫಲಕ ಹಾಕಿ, ಯಾರದೋ ಮನೆಯ ಮೀಟರ್ ತೋರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಅದು ಬಡವನೂ ಕಟ್ಟಿದ ತೆರಿಗೆಯ ದುಡ್ಡು. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಬಳಗ ನಮ್ಮದು. ಸಲ್ಲುವುದನ್ನು ಬಿಡಬಾರದು, ಸಲ್ಲದ್ದನ್ನು ಮುಟ್ಟಬಾರದು.

ಫಲಕ ಹಾಕಿಸುವುದೋ ಬೇಡವೋ, ಅದು ನಿಮ್ಮ ಲೆಕ್ಕಾಚಾರಕ್ಕೆ ಬಿಟ್ಟದ್ದು. ಆದರೆ ಇವತ್ತು ಮನೆಗೆ ಹೋದ ಕೂಡಲೇ ಕರೆಂಟ್ ಬಿಲ್ ತೆಗೆದು, ಅದರಲ್ಲಿ ಯಾರ ಹೆಸರಿದೆ ನೋಡಿ. ಇಲ್ಲದವರ ಹೆಸರಿದ್ದರೆ ಬದಲಾಯಿಸಿ. ಬದಲಾಯಿಸುವಾಗ ಆ ಮನೆಯ ತಾಯಿಯನ್ನು ಒಂದು ಮಾತು ಕೇಳಿ.