ಹತ್ತು ಮಕ್ಕಳ ತರಗತಿ ಮತ್ತು ಸಂವಿಧಾನ

(ಶತಮಾನೋತ್ಸವ ವರ್ಷದ ಸಂವಿಧಾನ ದಿನಾಚರಣೆಯಂದು ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



1949ರ ನವೆಂಬರ್ 26ರಂದು ನಮ್ಮ ಸಂವಿಧಾನ ಸಭೆಯು ಸಂವಿಧಾನವನ್ನು ಅಂಗೀಕರಿಸಿತು. ಆ ದಿನದ ನೆನಪಿಗಾಗಿ ಇಂದು ನಾವು ಸೇರಿದ್ದೇವೆ. ಇಂತಹ ಸಭೆಗಳಲ್ಲಿ ಸಂವಿಧಾನವನ್ನು ರಚಿಸಿದ ಮಹನೀಯರನ್ನು ಸ್ಮರಿಸುವುದು ವಾಡಿಕೆ. ಇಂದು ನಾನು ತಮ್ಮನ್ನು ಸ್ವಲ್ಪ ದೂರ, ಕಮ್ಯುನಿಸ್ಟ್ ಆಳ್ವಿಕೆಯಿಂದ ಹೊರಬಂದ ದೇಶಗಳವರೆಗೆ ಕರೆದೊಯ್ದು, ಮರಳಿ ಇದೇ ನಿಲಕ್ಕೋಟ್ಟೈಗೆ ಕರೆತರಬೇಕೆಂದಿದ್ದೇನೆ. ಆ ದೇಶಗಳ ಕಥೆಯಲ್ಲಿ ನಮ್ಮ ಶಾಲೆಗೆ ಬೇಕಾದ ಒಂದು ಪಾಠವಿದೆ.

1991ರಲ್ಲಿ ನಾನು ಎಂ.ಎ. ವಿದ್ಯಾರ್ಥಿನಿ. ರಾಜ್ಯಶಾಸ್ತ್ರದ ಪಠ್ಯದಲ್ಲಿ ಬ್ರಿಟನ್, ಅಮೆರಿಕ, ಸ್ವಿಟ್ಜರ್‌ಲೆಂಡ್ ದೇಶಗಳ ಜೊತೆಗೆ ಸೋವಿಯತ್ ಒಕ್ಕೂಟದ ಸಂವಿಧಾನವೂ ಇತ್ತು. ಅದರ ವಿಧಿಗಳನ್ನು ಕಂಠಪಾಠ ಮಾಡುತ್ತಿದ್ದಾಗಲೇ, ಡಿಸೆಂಬರ್ ತಿಂಗಳ ಕೊನೆಯಲ್ಲಿ, ಆ ದೇಶವೇ ಇಲ್ಲವಾಯಿತೆಂಬ ಸುದ್ದಿ ರೇಡಿಯೋದಲ್ಲಿ ಬಂತು. ದೇಶ ಹೋದರೂ ಪ್ರಶ್ನೆಪತ್ರಿಕೆಯಲ್ಲಿ ಅದರ ಸಂವಿಧಾನ ಉಳಿದಿತ್ತು. ನಾವು ಉತ್ತರವನ್ನೂ ಬರೆದೆವು. ಹಾಗಾದರೆ ಸಂವಿಧಾನವೆಂದರೆ ಹಾಳೆಯ ಮೇಲಿನ ಬರಹವೇ, ಬೇರೆ ಏನಾದರೂ ಇದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಾಳೆಯ ಮೇಲೆ ನೋಡಿದರೆ 1936ರ ಸೋವಿಯತ್ ಸಂವಿಧಾನ ಬಹು ಸುಂದರವಾದುದು. ವಾಕ್‌ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿದ್ದವು. ಶಾಲೆಗಳಲ್ಲಿ ಮಕ್ಕಳಿಗೆ ಅವರವರ ಮಾತೃಭಾಷೆಯಲ್ಲಿ ಬೋಧನೆ ನಡೆಯುವುದೆಂದು ಅದರ 121ನೆಯ ವಿಧಿ ಹೇಳಿತ್ತು. ಆದರೆ ಅದು ಅಂಗೀಕಾರವಾದ ಒಂದೂವರೆ ವರ್ಷದೊಳಗೆ, ಪೋಲಿಷ್, ಜರ್ಮನ್, ಫಿನ್ನಿಷ್ ಮುಂತಾದ ಸಣ್ಣ ಭಾಷಾ ಸಮುದಾಯಗಳ ಶಾಲೆಗಳನ್ನು ಮುಚ್ಚಿ ಬೇರೆ ಮಾಧ್ಯಮಕ್ಕೆ ಬದಲಿಸಲು ಪಕ್ಷದ ಆಜ್ಞೆ ಹೊರಟಿತು. ಆ ಸಂವಿಧಾನದ ಕರಡನ್ನು ಬರೆದವರಲ್ಲಿ ಪ್ರಮುಖರಾದ ನಿಕೊಲಾಯ್ ಬುಖಾರಿನ್ ಅವರಿಗೇ 1938ರ ಮಾರ್ಚಿನಲ್ಲಿ ಮರಣದಂಡನೆಯಾಯಿತು. ತಾವು ಬರೆದ ಹಕ್ಕುಗಳನ್ನು ಮುಂದಿಟ್ಟು ತಮ್ಮ ಪ್ರಾಣವನ್ನು ಕೇಳಲು ಅವರಿಗೊಂದು ಬಾಗಿಲು ಇರಲಿಲ್ಲ. ಮಾತೃಭಾಷೆಯ ಶಾಲೆ ಮುಚ್ಚಿದಾಗ ತಾಯ್ತಂದೆಯರಿಗೂ ತಟ್ಟಲು ಬಾಗಿಲಿರಲಿಲ್ಲ.

1989ರಿಂದಾಚೆಗೆ ಪೂರ್ವ ಯುರೋಪಿನ ದೇಶಗಳು ಒಂದಾದ ಮೇಲೊಂದು ಆ ಆಳ್ವಿಕೆಯಿಂದ ಹೊರಬಂದವು. 1991ರಲ್ಲಿ ಬಲ್ಗೇರಿಯಾ ಮತ್ತು ರುಮೇನಿಯಾ, 1992ರಲ್ಲಿ ಎಸ್ಟೋನಿಯಾ, 1996ರಲ್ಲಿ ಉಕ್ರೇನ್ ಹೊಸ ಸಂವಿಧಾನಗಳನ್ನು ಪಡೆದವು. ಪೋಲೆಂಡ್ ಜನ 1997ರ ಮೇ ತಿಂಗಳ ಜನಮತಗಣನೆಯಲ್ಲಿ ತಮ್ಮ ಸಂವಿಧಾನವನ್ನು ಒಪ್ಪಿಕೊಂಡರು. ಹಂಗೇರಿ ಮಾತ್ರ ತನ್ನ 1949ರ ಹಳೆಯ ಸಂವಿಧಾನವನ್ನೇ ಇಟ್ಟುಕೊಂಡು ಅದನ್ನು ಬಹುತೇಕ ಪೂರ್ಣವಾಗಿ ತಿದ್ದಿತು. ಈ ಎಲ್ಲ ದೇಶಗಳಲ್ಲಿ ಬದಲಾದದ್ದು ಹಕ್ಕುಗಳ ಪಟ್ಟಿಗಿಂತ ಹೆಚ್ಚಾಗಿ, ಆ ಹಕ್ಕುಗಳನ್ನು ಕೇಳುವ ದಾರಿ. ಒಂದೇ ಪಕ್ಷದ ನಾಯಕತ್ವವನ್ನು ವಿಧಿಸಿದ್ದ ಮಾತು ಸಂವಿಧಾನದಿಂದ ಹೊರಹೋಯಿತು. ಸರ್ಕಾರದ ಕಾನೂನನ್ನೇ ರದ್ದುಗೊಳಿಸಬಲ್ಲ ನ್ಯಾಯಾಲಯ ಬಂತು.

ಹಂಗೇರಿಯ ಸಂವಿಧಾನ ನ್ಯಾಯಾಲಯವು 1990ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ತನಗೇ ಅನ್ಯಾಯವಾಗಿದೆಯೆಂದು ತೋರಿಸಬೇಕಾದ ಅಗತ್ಯವೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಮರಣದಂಡನೆಯನ್ನು ರದ್ದುಪಡಿಸಿತು. ಆದರೆ 2010ರ ಚುನಾವಣೆಯಲ್ಲಿ ಮೂರರಲ್ಲಿ ಎರಡು ಪಾಲು ಬಹುಮತ ಪಡೆದವರು ಮರುವರ್ಷವೇ ಹೊಸ ಸಂವಿಧಾನವನ್ನು ಅಂಗೀಕರಿಸಿದರು. ಅದು ಜಾರಿಗೆ ಬಂದ 2012ರ ಜನವರಿ 1ರಿಂದ ಯಾರು ಬೇಕಾದರೂ ಅರ್ಜಿ ಹಾಕುವ ಆ ದಾರಿ ಮುಚ್ಚಿತು. ತೆರೆದ ಬಾಗಿಲು ತೆರೆದೇ ಇರುತ್ತದೆಂದು ನಂಬಿ ನಿದ್ರಿಸುವಂತಿಲ್ಲ.

ಇನ್ನೊಂದು ಊರಿನ ಮಾತು. ಉಕ್ರೇನಿನ ಪಶ್ಚಿಮದ ಗಡಿಯಲ್ಲಿ ಉಜ್‌ಹೊರೊದ್ ಎಂಬ ಪಟ್ಟಣವಿದೆ. ಅದು ಒಂದೇ ಶತಮಾನದೊಳಗೆ ಆಸ್ಟ್ರಿಯಾ-ಹಂಗೇರಿ, ಚೆಕೊಸ್ಲೊವಾಕಿಯಾ, ಹಂಗೇರಿ, ಸೋವಿಯತ್ ಒಕ್ಕೂಟ, ಉಕ್ರೇನ್ ಇವುಗಳ ಆಳ್ವಿಕೆಯನ್ನು ಕಂಡಿದೆ. ಮನೆಯ ಹೊಸ್ತಿಲು ದಾಟದ ಅಜ್ಜಿಯೂ ನಾಲ್ಕಾರು ದೇಶಗಳ ಪ್ರಜೆಯಾದಳು. ಆ ಸೀಮೆಯಲ್ಲಿ ಹಂಗೇರಿಯನ್ ಮಾತನಾಡುವ ಮಕ್ಕಳಿಗೆ ಅವರದೇ ಭಾಷೆಯ ಶಾಲೆಗಳಿವೆ. ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಕಲಿಯುವ ಅಥವಾ ತಮ್ಮ ಭಾಷೆಯನ್ನು ಕಲಿಯುವ ಹಕ್ಕನ್ನು ಉಕ್ರೇನ್ ಸಂವಿಧಾನದ 53ನೆಯ ವಿಧಿ ಕೊಟ್ಟಿದೆ. 2017ರ ಶಿಕ್ಷಣ ಕಾಯಿದೆಯು ಪ್ರಾಥಮಿಕ ಹಂತದ ನಂತರ ಆ ಮಾಧ್ಯಮವನ್ನು ಬಹಳ ಮಟ್ಟಿಗೆ ಕುಗ್ಗಿಸಿತು. ರಾಜ್ಯಭಾಷೆಯನ್ನು ಎಲ್ಲರೂ ಕಲಿಯಬೇಕೆಂಬ ಸರ್ಕಾರದ ಮಾತು ಅನ್ಯಾಯದ ಮಾತಲ್ಲ. ತಮ್ಮ ಶಾಲೆ ಉಳಿಯಬೇಕೆಂಬ ತಾಯ್ತಂದೆಯರ ಮಾತೂ ಅನ್ಯಾಯದ್ದಲ್ಲ. ವಾದ ನಡೆಯಿತು, ಯುರೋಪಿನ ವೆನಿಸ್ ಆಯೋಗ ತನ್ನ ಅಭಿಪ್ರಾಯ ಕೊಟ್ಟಿತು, ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆಯ ಒತ್ತಡವೂ ಸೇರಿ 2023ರ ಡಿಸೆಂಬರಿನಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು. 1938ರಲ್ಲಿ ಒಂದು ಆಜ್ಞೆಯಿಂದ ಮುಗಿದುಹೋಗಿದ್ದ ವಿಷಯ ಈಗ ಆರು ವರ್ಷಗಳ ವಾದವಾಯಿತು. ವ್ಯತ್ಯಾಸವಿರುವುದು ಅಲ್ಲಿಯೇ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಶಾಲೆಯೂ ಕುಳಿತ ಜಾಗದಲ್ಲೇ ಕುಳಿತು ಹಲವು ಆಡಳಿತಗಳನ್ನು ಕಂಡಿದೆ. ಆರಂಭವಾದಾಗ ಇದು ಮದರಾಸು ಪ್ರಾಂತದ ಶಾಲೆ. 1950ರಲ್ಲಿ ಗಣರಾಜ್ಯದ ಶಾಲೆ. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಬದಲಾದಾಗ ತಮಿಳು ಪ್ರಧಾನ ರಾಜ್ಯದೊಳಗಿನ ಕನ್ನಡ ಶಾಲೆ. 1969ರಲ್ಲಿ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂತು. 1985ರಲ್ಲಿ ಮದುರೈ ಜಿಲ್ಲೆಯಿಂದ ಬೇರೆಯಾಗಿ ದಿಂಡಿಗಲ್ ಜಿಲ್ಲೆಯಾಯಿತು. ಫಲಕದ ಮೇಲಿನ ವಿಳಾಸ ಬದಲಾಗುತ್ತ ಹೋಯಿತು, ಒಳಗೆ ಅ ಆ ಇ ಈ ನಿಲ್ಲಲಿಲ್ಲ.

ಅದು ನಿಲ್ಲದಿರಲು ಸಂವಿಧಾನವೂ ಒಂದು ಕಾರಣ. ಭಾಷಾ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಾಲೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿ ಕೊಡುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ಇಲ್ಲಿ ನಮಗಿರುವ ಹಕ್ಕು ಬೆಂಗಳೂರಿನ ತಮಿಳು ಬಂಧುಗಳಿಗೂ ಇದೆ. ಒಂದನ್ನು ಕೇಳುವವರು ಇನ್ನೊಂದನ್ನೂ ಗೌರವಿಸಬೇಕು. 1956ರಲ್ಲಿ ಸೇರಿದ 350-ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ. ಪ್ರಯತ್ನಿಸಬೇಕು ಎಂಬ ಪದ ಮೃದುವಾದುದು. ಅದಕ್ಕೆ ಅಳತೆ ಕೊಟ್ಟದ್ದು 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಮಾಡಿದ ನಿರ್ಣಯ: ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಗೆ ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು.

ಹತ್ತು ಮಕ್ಕಳು. ಈ ಸಂಖ್ಯೆಯ ತೂಕ ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದೆ. ಹೂವಿನ ವ್ಯಾಪಾರ ಮಾಡುವ ತಂದೆಯೊಬ್ಬರು ಮಗಳ ಟಿ.ಸಿ. ಕೇಳಲು ಬಂದರು. ಆ ತರಗತಿಯಲ್ಲಿ ಇದ್ದದ್ದೇ ಹತ್ತು ಮಕ್ಕಳು. "ಟೀಚರಮ್ಮ, ಮನೇಲಿ ಕನ್ನಡ ಮಾತಾಡ್ತೀವಲ್ಲ, ಅಷ್ಟು ಸಾಲದಾ? ಮಾರ್ಕೆಟ್ಟಿನ ಲೆಕ್ಕ ಎಲ್ಲ ತಮಿಳಲ್ಲೇ ಇರೋದು" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ತಾಯ್ತಂದೆಯರದು, ಮಾತೃಭಾಷಾ ಮಾಧ್ಯಮವನ್ನೂ ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಪು ಕೊಟ್ಟಿದೆ. ನಾನು ಟಿ.ಸಿ. ಬರೆದುಕೊಟ್ಟೆ. ತರಗತಿಯಲ್ಲಿ ಒಂಬತ್ತು ಮಕ್ಕಳಾದರು. ಎರಡು ವಾರ ಸಂಜೆ ಹೊತ್ತು ಮನೆಮನೆಗೆ ನಡೆದೆ. ಕೊನೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಮೊಮ್ಮಗನ ಕೈಹಿಡಿದು ಬಂದು ಸೇರಿಸಿದರು. ಆ ಅಜ್ಜಿ 350-ಎ ವಿಧಿಯ ಹೆಸರು ಕೇಳಿದವರಲ್ಲ. ಆದರೆ ಅಂದು ಅದನ್ನು ಉಳಿಸಿದವರು ಅವರೇ.

ತಮಿಳಿನ ಬಗ್ಗೆ ಒಂದು ಮಾತು. 2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯ. ಹತ್ತನೆಯ ತರಗತಿಯ ಪರೀಕ್ಷೆಯ ವಿಷಯದಲ್ಲಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ಕೆಲವು ವರ್ಷಗಳಿಗೆ ವಿನಾಯಿತಿಯನ್ನೂ ಪಡೆದರು. ಅದು ನ್ಯಾಯವಾದ ದಾರಿ. ಆದರೂ ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಬೇಕೆಂಬುದೇ ನನ್ನ ಅಭಿಪ್ರಾಯ. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ನೆರೆಹೊರೆಯ ಭಾಷೆ. ನಾವು ಕೇಳುತ್ತಿರುವುದು ಅದರ ಪಕ್ಕದಲ್ಲಿ ಕನ್ನಡಕ್ಕೊಂದು ಮಣೆ, ಅಷ್ಟೇ.

ಕಂಬಂ ಕಣಿವೆಯಲ್ಲಿ, ತೇನಿಯಲ್ಲಿ, ನಮ್ಮ ತಾಲ್ಲೂಕಿನಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡಿಯೂ ಕನ್ನಡ ಅಕ್ಷರ ಕಾಣದ ಮನೆಗಳು ಎಷ್ಟೋ ಇವೆ. ಜನಗಣತಿಯವರು ಬಂದಾಗ ಅಂತಹ ಮನೆಗಳಲ್ಲಿ ಮಾತೃಭಾಷೆಯ ಜಾಗದಲ್ಲಿ ತಮಿಳು ಎಂದೇ ಬರೆಸುವುದುಂಟು. ಲೆಕ್ಕಕ್ಕೆ ಸಿಗದವರಿಗೆ ಯಾವ ಸಂವಿಧಾನವೂ ಶಿಕ್ಷಕರನ್ನು ಕೊಡಲಾರದು. ಆದುದರಿಂದ ನನ್ನ ವಿನಂತಿ ಎರಡೇ. ಮನೆಯಲ್ಲಾಡುವ ಭಾಷೆ ಕನ್ನಡವಾಗಿದ್ದರೆ ಕನ್ನಡವೆಂದೇ ಬರೆಸಿರಿ. ಹಿರಿಯ ವಿದ್ಯಾರ್ಥಿಗಳು ತಮ್ಮ ಬೀದಿಯಿಂದ ಒಂದು ಮಗುವನ್ನಾದರೂ ಶಾಲೆಯ ಬಾಗಿಲವರೆಗೆ ಕರೆತನ್ನಿರಿ. ಒಳಗಿನ ಕೆಲಸ ನಮ್ಮದು.

ಸಂವಿಧಾನ ಎಷ್ಟೇ ಒಳ್ಳೆಯದಾದರೂ ಅದನ್ನು ನಡೆಸುವವರ ಮೇಲೆ ಅದರ ಫಲ ನಿಂತಿದೆಯೆಂದು ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. ನಡೆಸುವವರೆಂದರೆ ದೆಹಲಿಯಲ್ಲಿರುವವರು ಎಂದು ನಾವು ತಿಳಿಯುತ್ತೇವೆ. ಈ ಊರಿನಲ್ಲಿ ಅವರು ಹತ್ತು ಮಕ್ಕಳ ತಾಯ್ತಂದೆಯರು.