ಬೇಗದ ಕೂಡಿಕೆ, ಬಿಗಿಯ ಕೂಡಿಕೆ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮರಗೆಲಸದ ಸದಸ್ಯರ ಪರವಾಗಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಮರಗೆಲಸದವರಿಗೂ ಹತ್ತು ನಿಮಿಷ ಕೊಟ್ಟಿದ್ದೀರಿ. ನಮಗೆ ಉಳಿ ಹಿಡಿದು ಗೊತ್ತು, ಮೈಕು ಹಿಡಿದು ಗೊತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾಲ್ಕು ವರ್ಷದ ಹಿಂದೆ ಸಂಘದ ಮೂಲಕ ಒಂದು ಶಾಲೆಗೆ 12 ಕಪಾಟು ಮಾಡಿಕೊಟ್ಟೆವು. ತಿಂಗಳೊಳಗೆ ಬೇಕು ಅಂದರು. ನಾವು ಬಾಗಿಲಿನ ಚೌಕಟ್ಟಿಗೂ ತೂತು ತೋಡಲಿಲ್ಲ. ಮೂಲೆಗೆ ಮೂಲೆ ಹಚ್ಚಿ, ಅಂಟು ಸವರಿ, ಉದ್ದ ಸ್ಕ್ರೂ ಬಿಗಿದೆವು. ಬಣ್ಣ ಹಚ್ಚಿದ ಮೇಲೆ ಯಾರಿಗೂ ಗೊತ್ತಾಗಲಿಲ್ಲ. ಎರಡು ಮಳೆಗಾಲ ಕಳೆದದ್ದೇ ಬಾಗಿಲುಗಳು ಜೋತುಬಿದ್ದವು, 5 ಕಪಾಟು ಟೆಂಪೋದಲ್ಲಿ ವಾಪಸ್ ಬಂದವು. ತಪ್ಪು ನಮ್ಮದೇ, ಶಾಲೆಯವರದಲ್ಲ. ಹೆಸರು ಹೋದದ್ದು ಮಾತ್ರ ಸಂಘದ್ದು.

ಮರದ ನಾರು ಉದ್ದಕ್ಕೆ ಹೋಗ್ತದೆ. ಕೊಯ್ದ ತುದಿಯಲ್ಲಿ ಅದರ ಬಾಯಿ ತೆರೆದಿರ್ತದೆ, ಹುಲ್ಲಿನ ಕಟ್ಟಿನ ತುದಿ ಇದ್ದ ಹಾಗೆ. ಅಲ್ಲಿ ಹಚ್ಚಿದ ಅಂಟನ್ನು ಮರ ಹೀರಿಬಿಡ್ತದೆ. ಸ್ಕ್ರೂ ನಾರಿನ ನಡುವೆ ತೂರಿಕೊಂಡು ಹೋಗ್ತದೆ, ಹಿಡಿತ ಕಡಿಮೆ. ನಾಲಗೆ ಬಿಡಿಸಿ ತೂತಿನಲ್ಲಿ ಕೂರಿಸಿದರೆ ಅಂಟಿಗೆ ನಾರಿನ ಪಕ್ಕೆ ಸಿಗ್ತದೆ, ನಾಲಗೆಯ ಬುಡ ಚೌಕಟ್ಟಿಗೆ ಆತು ನಿಲ್ತದೆ. ಮರದ ದಪ್ಪದ ಮೂರನೇ ಒಂದು ಪಾಲು ನಾಲಗೆ, ಇದು ಹಿರಿಯರ ಲೆಕ್ಕ. ಇನ್ನು ನಡುವಿನ ಹಲಗೆ. ಅದು ಮಳೆಗಾಲಕ್ಕೆ ಅಗಲದಲ್ಲಿ ಹಿಗ್ಗಿ ಬೇಸಿಗೆಗೆ ಕುಗ್ತದೆ. ಅದಕ್ಕೇ ಅದನ್ನು ಚೌಕಟ್ಟಿನ ಕಾಲುವೆಯೊಳಗೆ ಸಡಿಲ ಬಿಡೋದು. ಅಲ್ಲೂ ಅಂಟು ಸುರಿಯೋ ಹುಡುಗರಿದ್ದಾರೆ. ಹಲಗೆ ಸೀಳಿದಾಗ ಮರವನ್ನೇ ಬೈತಾರೆ!

ಹಾಗಂತ ಎಲ್ಲದಕ್ಕೂ ಉಳಿ ಹಿಡಿಯಿರಿ ಅಂತ ನಾವು ಹೇಳೋದಿಲ್ಲ. ಕೈಯಲ್ಲಿ ಮಾಡಿದರೆ ಒಂದು ಮೂಲೆಗೆ ನಮಗೆ ಅರ್ಧ ಗಂಟೆ ಬೇಕು, ಸ್ಕ್ರೂವಿಗೆ ಐದು ನಿಮಿಷ. ಹಿಂಬದಿಯ ಪ್ಲೈವುಡ್ಡಿಗೆ ಮೊಳೆ ಸಾಕು. ಒಳಗಿನ ಅಡ್ಡಹಲಗೆಯನ್ನು ಪಟ್ಟಿಯ ಮೇಲೆ ಕೂರಿಸಿದರೆ ಆಯಿತು, ಭಾರ ನೇರ ಕೆಳಕ್ಕೆ ಬೀಳ್ತದೆ. ಪಾರ್ಟಿಕಲ್ ಬೋರ್ಡಿನಲ್ಲಂತೂ ನಾಲಗೆ ಬಿಡಿಸಲು ಹೋದರೆ ಪುಡಿ ಉದುರ್ತದೆ, ಅದಕ್ಕೆ ಅದರದೇ ಸ್ಕ್ರೂ ಇದೆ. ಆದರೆ ದಿನಾ ಎಳೆಯುವ ಡ್ರಾಯರ್, ಜೋಲುವ ಬಾಗಿಲು, ಭಾರ ಹೊತ್ತು ಅಲುಗುವ ಕಾಲು, ಇಲ್ಲಿ ಆ ಅರ್ಧ ಗಂಟೆ ಉಳಿಸಬಾರದು. ಡ್ರಾಯರಿನ ಮೂಲೆಗೆ ಪಾರಿವಾಳದ ಬಾಲದಂಥ ಕಚ್ಚು, ಅಂದರೆ ಡವ್‌ಟೇಲ್ ಹಾಕಿದರೆ, ಅಂಟು ಬಿಟ್ಟರೂ ಮುಂದಿನ ಹಲಗೆ ಕೈಗೆ ಕಿತ್ತು ಬರೋದಿಲ್ಲ.

ಸಂಘದ ದರಪಟ್ಟಿಯಲ್ಲಿ ಮರದ ಹೆಸರು, ಅಳತೆ, ಪಾಲಿಶು ಎಲ್ಲಾ ಇದೆ. ಕೂಡಿಕೆ ಯಾವುದು ಅಂತ ಒಂದು ಸಾಲಿಲ್ಲ. ಹಾಗಾಗಿ ಕಡಿಮೆ ದರ ಬರೆದವನಿಗೇ ಕೆಲಸ, ಬಿಗಿಯಾಗಿ ಮಾಡುವವ ಮನೆಯಲ್ಲಿ ಕೂತಿರ್ತಾನೆ. ಆ ಸಾಲು ಸೇರಿಸಬೇಕು ಅಂತ ಆಡಳಿತ ಮಂಡಳಿಯವರಲ್ಲಿ ನಮ್ಮ ವಿನಂತಿ. ತೂತು ತೋಡುವ ಯಂತ್ರ ಒಂದನ್ನು ಶೆಡ್ಡಿಗೆ ತರಿಸಿದರೆ ನಾವು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡಲು ತಯಾರಿದ್ದೇವೆ.

ಆ ಶಾಲೆಯಲ್ಲಿ ಉಳಿದ 7 ಕಪಾಟುಗಳನ್ನು ಬೇಸಿಗೆ ರಜೆಯಲ್ಲಿ ತರಿಸಿಕೊಂಡು ಚೌಕಟ್ಟು ಬದಲಿಸಿಕೊಡ್ತೇವೆ. ಕೂಲಿ ನಮ್ಮದು.