ಸಣ್ಣ ಕಂಪನಿಯ ತೆರಿಗೆ: ರಿಯಾಯಿತಿ ನಡೆದು ಬಂದ ದಾರಿ

ಸಣ್ಣ ಉದ್ಯಮಕ್ಕೆ ತೆರಿಗೆ ರಿಯಾಯಿತಿ ಕೊಡುವಾಗ ಭಾರತದ ಕಾನೂನು ಬಹುಕಾಲ ಕಂಪನಿಯ ಗಾತ್ರಕ್ಕಿಂತ ಕಾರ್ಖಾನೆ ಇರುವ ಜಾಗವನ್ನು ನೋಡುತ್ತಿತ್ತು. 1977ರ ಸೆಪ್ಟೆಂಬರ್ ನಂತರ ಗ್ರಾಮೀಣ ಪ್ರದೇಶದಲ್ಲಿ ಶುರುವಾದ ಸಣ್ಣ ಕೈಗಾರಿಕೆಗೆ ಲಾಭದ ಶೇ 20ರಷ್ಟನ್ನು ಹತ್ತು ವರ್ಷ ಆದಾಯದಿಂದ ಕಳೆಯಲು ಅವಕಾಶವಿತ್ತು. 2016ಕ್ಕೆ ಮುಂಚಿನ ವರ್ಷಗಳಲ್ಲಿ ತೆರಿಗೆಯ ಮೂಲ ದರ ಮಾತ್ರ ಸಣ್ಣವರಿಗೂ ದೊಡ್ಡವರಿಗೂ ಒಂದೇ ಆಗಿತ್ತು.

ಈ ಸಮಾನತೆ ಮೇಲ್ನೋಟದ್ದು. ದೊಡ್ಡ ಕಂಪನಿಗಳು ಸವಕಳಿ, ಸಂಶೋಧನಾ ವೆಚ್ಚ, ವಿಶೇಷ ಆರ್ಥಿಕ ವಲಯ ಎಂದು ಹತ್ತಾರು ವಿನಾಯಿತಿ ಪಡೆಯುತ್ತಿದ್ದವು. ಸಣ್ಣವಕ್ಕೆ ಅಂಥ ದಾರಿಗಳು ಕಡಿಮೆ. 2017ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಇದರ ಲೆಕ್ಕವನ್ನೇ ಮುಂದಿಟ್ಟರು. ಒಂದು ಕೋಟಿಗಿಂತ ಕಡಿಮೆ ಲಾಭದ 2.85 ಲಕ್ಷ ಕಂಪನಿಗಳು ವಾಸ್ತವವಾಗಿ ಕಟ್ಟಿದ್ದು ಶೇ 30.26, 500 ಕೋಟಿ ಮೀರಿದ ಲಾಭದ 298 ಕಂಪನಿಗಳು ಕಟ್ಟಿದ್ದು ಶೇ 25.90. ಅಂದರೆ ಬಡವನ ಹೆಗಲಿಗೇ ಹೆಚ್ಚು ಭಾರ.

ಕಾರ್ಪೊರೇಟ್ ತೆರಿಗೆಯನ್ನು ನಾಲ್ಕು ವರ್ಷಗಳಲ್ಲಿ ಶೇ 30ರಿಂದ 25ಕ್ಕೆ ಇಳಿಸುವುದಾಗಿ ಜೇಟ್ಲಿ 2015ರಲ್ಲೇ ಹೇಳಿದ್ದರು. ಇಳಿಕೆ ಕೆಳಗಿನಿಂದ ಶುರುವಾಯಿತು. 2016ರಲ್ಲಿ ಐದು ಕೋಟಿಯೊಳಗಿನ ವಹಿವಾಟಿಗೆ ಶೇ 29. 2017ರಲ್ಲಿ 50 ಕೋಟಿಯವರೆಗೆ ಶೇ 25. ಈ ಮಿತಿ 2018ರಲ್ಲಿ 250 ಕೋಟಿಗೆ, 2019ರ ಜುಲೈನಲ್ಲಿ 400 ಕೋಟಿಗೆ ಏರಿತು. ಅಷ್ಟು ಹೊತ್ತಿಗೆ ಶೇ 99ಕ್ಕೂ ಹೆಚ್ಚು ಕಂಪನಿಗಳು ಈ ದರದೊಳಗೆ ಬಂದಿದ್ದವು. 400 ಕೋಟಿಯ ವಹಿವಾಟನ್ನು ಸಣ್ಣದು ಎನ್ನುವುದು ಕಷ್ಟ.

ಆ ಜುಲೈ ಕಳೆದು ಮೂರು ತಿಂಗಳಾಗುವ ಮೊದಲೇ, ಸೆಪ್ಟೆಂಬರ್ 20ರಂದು, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಎಲ್ಲ ದೇಶೀಯ ಕಂಪನಿಗಳಿಗೂ ಶೇ 22ರ ದರ ಪ್ರಕಟಿಸಿದರು. ವಿನಾಯಿತಿಗಳನ್ನು ಬಿಟ್ಟುಕೊಡಬೇಕು ಎಂಬುದು ಷರತ್ತು. ಹೊಸದಾಗಿ ಸ್ಥಾಪನೆಯಾಗಿ 2024ರ ಮಾರ್ಚ್‌ನೊಳಗೆ ತಯಾರಿಕೆ ಶುರುಮಾಡಿದ ಕಂಪನಿಗಳಿಗೆ ಶೇ 15 ಮಾತ್ರ.

ಇಲ್ಲಿ ಸಣ್ಣವರಿಗಿದ್ದ ಮೇಲುಗೈ ಕರಗಿತು. ಹಳೆಯ ಶೇ 25ರ ದರದಲ್ಲಿ ಒಂದು ಕೋಟಿವರೆಗಿನ ಆದಾಯಕ್ಕೆ ಸರ್‌ಚಾರ್ಜ್ ಇಲ್ಲ. ಶೇ 4ರ ಸೆಸ್ ಸೇರಿ ಒಟ್ಟು ಶೇ 26. ಹೊಸ ದರದಲ್ಲಿ ಆದಾಯ ಎಷ್ಟೇ ಇರಲಿ, ಶೇ 10ರ ಸರ್‌ಚಾರ್ಜ್ ಕಡ್ಡಾಯ. ಸೆಸ್ ಸೇರಿದರೆ ಶೇ 25.17. ಸಣ್ಣ ಕಂಪನಿಗೆ ಉಳಿಯುವುದು ನೂರಕ್ಕೆ ಒಂದು ರೂಪಾಯಿಗಿಂತ ಕಡಿಮೆ. ಹಿಂದೆ ಗರಿಷ್ಠ ಶೇ 34.94ರ ಪಟ್ಟಿಯಲ್ಲಿದ್ದ ದೊಡ್ಡ ಕಂಪನಿಗೆ ಇಳಿದದ್ದು ಒಂಬತ್ತು ರೂಪಾಯಿಗೂ ಮಿಗಿಲು.

ಪಾಲುದಾರಿಕೆ ಸಂಸ್ಥೆಗಳಿಗೆ ಇದೂ ಇಲ್ಲ. ಕಂಪನಿಗಳಿಗಷ್ಟೇ ಸಿಕ್ಕ ಈ ಇಳಿಕೆ ಅವುಗಳ ಶೇ 30ರ ದರವನ್ನು ಮುಟ್ಟಲಿಲ್ಲ. ಅಂಗಡಿ, ವರ್ಕ್‌ಶಾಪುಗಳ ದೊಡ್ಡ ಪಾಲು ಕಂಪನಿಯಾಗಿ ನೋಂದಣಿಯಾಗಿಲ್ಲದ ದೇಶದಲ್ಲಿ ಇದು ಸಣ್ಣ ಕೊರತೆಯಲ್ಲ. ಒಂದು ಕೋಟಿಯೊಳಗಿನ ಆದಾಯದ ಕಂಪನಿಗಳಿಗೆ ಹೊಸ ದರದ ಸರ್‌ಚಾರ್ಜ್ ಕೈಬಿಟ್ಟರೆ ತೆರಿಗೆ ಶೇ 22.88ಕ್ಕೆ ಇಳಿಯುತ್ತದೆ. ಸರ್ಕಾರ ಮೊದಲು ಮಾಡಬೇಕಾದದ್ದು ಇದು. ಪಾಲುದಾರಿಕೆ ಸಂಸ್ಥೆಗಳ ಸರದಿ ಅದರ ಬೆನ್ನಿಗೇ ಬರಬೇಕು.